ಮೊದಲು ಎಂಜಿನ್, ಆಮೇಲೆ ರಿಮೋಟು

ಹೋದ ವಾರ ನಮ್ಮ ಜಾವಳಿಯ ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ ಸ್ಟಾರ್ಟ್ ಮಾಡಿದರು. ಎಣ್ಣೆ ಸುಟ್ಟ ಹೊಗೆ ಕಾಫಿ ಗಿಡಗಳ ಸಂದಿಯಿಂದ ತೇಲಿ ಬಂತು. ನಿಮಗೂ ಹೀಗಾಗುತ್ತದೋ ಏನೋ, ಕೆಲವು ವಾಸನೆ ಬಂದರೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಹೋಗಿ ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತೆ. ಭಾವ ನೆನಪಾದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಳಸದಲ್ಲಿ ಇಪ್ಪತ್ತೆಂಟು ವರ್ಷ ಬಾಡಿಗೆ ಜೀಪು ಓಡಿಸಿದವರು. ಬಸುರಿಯರನ್ನು ಆಸ್ಪತ್ರೆಗೆ ಕಳಿಸುವಾಗ ಜನ ಅವರ ಜೀಪಿಗೇ ಕಾಯುತ್ತಿದ್ದರು. ನಾನೋ, ಲೈಸೆನ್ಸಿಗೆ ಮೂರು ಸಲ ಹೋಗಿಬಂದವನು. ಹೊಸ ಸ್ಕೂಟರನ್ನು ಗೊಬ್ಬರದ ಗುಂಡಿಗೆ ಇಳಿಸಿದ ಖ್ಯಾತಿಯೂ ನನ್ನದೇ. ಅಂಥ ಭಾವನಿಗೆ ಒಂದು ಬೆಳಿಗ್ಗೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಫಿಟ್ಸ್ ಬಂತು. ತಿಂಗಳೊಳಗೆ ಇನ್ನೊಮ್ಮೆ ಬಂತು. ಇನ್ನು ಸ್ಟೀರಿಂಗ್ ಮುಟ್ಟಬಾರದು ಎಂದರು ಡಾಕ್ಟರು. ಭಾವ ಜೀಪು ಮಾರಿಬಿಟ್ಟರು. ಆಮೇಲೆ ಬಹಳ ದಿನ ಮನೆ ಬಿಟ್ಟು ಹೊರಗೆ ಬರಲಿಲ್ಲ.

ಅವರ ಜೀಪಿನಲ್ಲಿ ಓಡಾಡುತ್ತಿದ್ದ ಎಸ್ಟೇಟ್ ಸಾಹುಕಾರರೊಬ್ಬರು ತಾವು ಆಡಿ ಬೇಸತ್ತ ರಿಮೋಟ್ ಟ್ರಕ್ಕೊಂದನ್ನು ತಂದುಕೊಟ್ಟರು. ಎರಡು ಗೇಣು ಉದ್ದ. ಬ್ಯಾಟರಿಯಲ್ಲಿ ಓಡುವುದಲ್ಲ, ನಿಜವಾದ ಎಂಜಿನ್ನೇ ಇತ್ತು. ಅದಕ್ಕೆಂದೇ ಡಬ್ಬದಲ್ಲಿ ಬರುವ ಇಂಧನ ಹಾಕಿ, ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಕಣ ತುಂಬ ಇದೇ ಎಣ್ಣೆ ಸುಟ್ಟ ವಾಸನೆ. ಬಿಟ್ಟರೆ ನಾಯಿಗಿಂತ ಜೋರು.

ನಾನು ನಕ್ಕಿದ್ದೆ. ಭಾವ ನಗಲಿಲ್ಲ.

“ಇದು ಆಟದ ಸಾಮಾನಲ್ಲ ಮಾರಾಯ. ಕಾಲಿಗೆ ಹೊಡೆದ್ರೆ ಮೂಳೆ ಮುರೀತದೆ.”

ಅವರ ಕಟ್ಟುಪಾಡುಗಳು ನನಗೆ ಇಂದಿಗೂ ಬಾಯಿಪಾಠ. ಓಡಿಸುವುದು ಮನೆ ಮುಂದಿನ ಕಾಫಿ ಕಣದಲ್ಲಿ ಮಾತ್ರ. ಕಣಕ್ಕೆ ಕೋಳಿ ಬಂದರೂ ನಿಲ್ಲಿಸಬೇಕು. ಬಿಸಿ ಎಂಜಿನ್ನಿಗೆ ಇಂಧನ ಹಾಕುವಂತಿಲ್ಲ. ಡಬ್ಬ ಶೆಡ್ಡಿನಲ್ಲಿ ಬೀಗದೊಳಗೆ. ಹೊರಡುವಾಗ ಮೊದಲು ರಿಮೋಟ್ ಆನ್, ಆಮೇಲೆ ಗಾಡಿ. ನಿಲ್ಲಿಸುವಾಗ ಮೊದಲು ಎಂಜಿನ್, ಕಡೆಗೆ ರಿಮೋಟ್. ಇದು ತಪ್ಪಿದರೆ ಗಾಡಿ ಯಾರ ಮಾತೂ ಕೇಳುವುದಿಲ್ಲ ಎನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡದು, ಒಬ್ಬರೇ ಓಡಿಸುತ್ತಿರಲಿಲ್ಲ. ಫಿಟ್ಸ್ ಬಂದು ಬಿದ್ದರೆ ರಿಮೋಟ್ ಹಿಡಿಯಲು ಪಕ್ಕದಲ್ಲಿ ಜನ ಬೇಕು. ಅದಕ್ಕಾಗಿ ಪ್ರತಿ ಭಾನುವಾರ ನಾನು ಬಸ್ಸು ಹತ್ತಿ ಕಳಸಕ್ಕೆ ಹೋಗುತ್ತಿದ್ದೆ. ಟ್ರಕ್ಕು ಕಣದ ಮೂಲೆಯಲ್ಲಿ ತಿರುಗುವಾಗ ಅವರ ಭುಜವೂ ಅತ್ತ ವಾಲುತ್ತಿತ್ತು, ಘಾಟಿಯಲ್ಲಿ ಜೀಪು ತಿರುಗಿಸುವವರ ಹಾಗೆ.

ಒಂದು ಭಾನುವಾರ ರಿಮೋಟ್ ನನ್ನ ಕೈಯಲ್ಲಿತ್ತು. ಕಣದ ಅಂಚಿನಲ್ಲಿ ಕಾಳುಮೆಣಸು ಹರಡಿತ್ತು. ಅದನ್ನು ತಿರುವಿಹಾಕಲು ಅಕ್ಕ ಬರುವುದು ಕಂಡು ಭಾವ, “ಸಾಕು, ನಿಲ್ಸು” ಎಂದರು. ನಾನು ಅವಸರದಲ್ಲಿ ರಿಮೋಟನ್ನೇ ಆಫ್ ಮಾಡಿ ಕಟ್ಟೆಯ ಮೇಲಿಟ್ಟೆ. ಎಂಜಿನ್ ಇನ್ನೂ ಓಡುತ್ತಿತ್ತು. ಟ್ರಕ್ಕು ಒಮ್ಮೆಲೇ ಕಿರುಚಿಕೊಂಡು ಅಕ್ಕನ ಕಡೆಗೆ ನುಗ್ಗಿತು. ಆಗಲೇ ಮೆಣಸಿನ ಮೇಲೆ ಬಗ್ಗಿದ್ದ ಅವಳು ನೋಡಲಿಲ್ಲ. ಭಾವ ಓಡಿಹೋಗಿ ಅಡ್ಡ ಕಾಲಿಟ್ಟರು. ಪಾದದ ಗಂಟಿಗೆ ಬಡಿಯಿತು. ಅವರು ಸಿಮೆಂಟಿನ ಮೇಲೆ ಬಿದ್ದರು.

ಯಾರು ಮಾಡಿದ್ದು ಎಂದು ಅಕ್ಕ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಭಾವ ಹೇಳಿದರು: “ನಾನೇ. ರಿಮೋಟ್ ಮೊದ್ಲು ಆಫ್ ಮಾಡ್ಬಿಟ್ಟೆ.”

ಸೇರಿದ್ದ ಅಕ್ಕಪಕ್ಕದವರ ಎದುರಿಗೇ ಅಕ್ಕ ಅಂದಳು, “ಇಷ್ಟು ಚಿಕ್ಕದನ್ನೂ ನೆಟ್ಟಗೆ ಓಡ್ಸಕ್ಕೆ ಬರಲ್ಲ ಈಗ ನಿಮಗೆ.”

ಭಾವ ತಲೆತಗ್ಗಿಸಿದರು. ಆಸ್ಪತ್ರೆಯ ದಾರಿಯಲ್ಲಿ ನಾನು ಅಕ್ಕನಿಗೆ ಹೇಳಿಬಿಡುತ್ತೇನೆ ಎಂದಾಗ ನನ್ನ ಮಣಿಕಟ್ಟು ಹಿಡಿದು ಬೇಡ ಎಂದರು. ನಾನೂ ಬಲವಂತ ಮಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತ್ತು.

ಮೂಳೆ ಕೂಡಿತು, ಕುಂಟು ಉಳಿಯಿತು. ಟ್ರಕ್ಕನ್ನು ಅಕ್ಕ ಸಾಹುಕಾರರಿಗೇ ಹಿಂದಿರುಗಿಸಿದಳು. ಎರಡು ವರ್ಷದ ಮೇಲೆ ಭಾವ ಹೃದಯಾಘಾತದಿಂದ ತೀರಿಕೊಂಡರು. ತಿಥಿಗೆ ಬಂದವರೊಡನೆ ಅಕ್ಕ, ಕಡೆಕಡೆಗೆ ಅವರಿಗೆ ಕೈ ಹಿಡಿತವೇ ಇರಲಿಲ್ಲ ಎನ್ನುತ್ತಿದ್ದಳು. ನಾನು ಎಲೆ ಹಾಕುತ್ತ ಕೇಳಿಸಿಕೊಂಡೆ.

ಪಂಪ್‌ಹೌಸಿನ ಕಟ್ಟೆಯಿಂದ ಎದ್ದವನು ಮಾರನೆಯ ದಿನವೇ ಕಳಸಕ್ಕೆ ಹೋದೆ. ಅಕ್ಕ ಅಕ್ಕಿ ಆರಿಸುತ್ತಿದ್ದಳು. ಎದುರು ಕೂತು ಎಲ್ಲವನ್ನೂ ಹೇಳಿದೆ. ಅವಳ ಕೈ ಮೊರದ ಮೇಲೆ ನಿಂತಿತು.

“ಆಮೇಲೆ ನಾನು ಅವ್ರಿಗೆ ಒಲೆ ಹಚ್ಚಕ್ಕೂ ಬಿಡ್ಲಿಲ್ಲ. ಪೇಟೆಗೆ ಒಬ್ರನ್ನೇ ಕಳ್ಸಲಿಲ್ಲ” ಎಂದಳು.

 ಮೊರವನ್ನು ಪಕ್ಕಕ್ಕಿಟ್ಟು ಕೇಳಿದಳು.

“ಆ ಟ್ರಕ್ಕನ್ನ ಚೆನ್ನಾಗಿ ಓಡಿಸ್ತಿದ್ರಾ?”

“ಹೂಂ ಅಕ್ಕ. ಒಂದು ಸಲಾನೂ ಎಲ್ಲೂ ತಾಗಿಸಿರ್ಲಿಲ್ಲ.”

“ನಾನು ಸರಿಯಾಗಿ ನೋಡ್ಲೇ ಇಲ್ಲ.”

ನಾನು ಹಿಂದಿರುಗಬೇಕಿದ್ದ ಮೂರು ಗಂಟೆಯ ಬಸ್ಸು ಹೋದ ಸದ್ದು ಕೇಳಿಸಿತು. ಹೋಗು ಎಂದೂ ಅವಳು ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ನಾನು ಕೂತೇ ಇದ್ದೆ.