ಸೂರು ಮುಟ್ಟದ ಅಡ್ಡಗೋಡೆ

ನಾನು ಐದನೇ ಕ್ಲಾಸಿಗೇ ಸ್ಲೇಟು ಬಿಟ್ಟು ಗಾರೆ ಕೆಲಸದ ಕರಣೆ ಹಿಡಿದವನು. ತುಮಕೂರಿನಲ್ಲಿ ನಾನು ಕಟ್ಟಿದ ಯಾವ ಗೋಡೆಗಾದರೂ ತೂಗುಗುಂಡು ಬಿಟ್ಟು ನೋಡಿ, ಒಂದು ನೂಲು ಆಚೀಚೆ ಇದ್ದರೆ ಕೇಳಿ. ಜಂಬ ಅಂದುಕೊಂಡರೂ ಸರಿಯೇ. ಆದರೆ ಮದುವೆಯಾದ ಹೊಸದರಲ್ಲಿ ನಾನು ಬಾಡಿಗೆಗಿದ್ದ ಮನೆಯ ಗೋಡೆ ಬೇರೆ ಯಾರೋ ಕಟ್ಟಿದ್ದು, ಅದೂ ಅರ್ಧಕ್ಕೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಗುಬ್ಬಿ ಗೇಟಿನ ಕಡೆ ಒಂದು ವಠಾರ. ಉದ್ದಕ್ಕೆ ಒಂದೇ ಹೆಂಚಿನ ಸೂರು, ಅದರ ಕೆಳಗೆ ಸಾಲು ಮನೆಗಳು. ನಡುವಿನ ಅಡ್ಡಗೋಡೆ ಆಳುದ್ದಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಂತುಬಿಡುತ್ತಿತ್ತು. ಅಲ್ಲಿಂದ ಸೂರಿನವರೆಗೆ ಖಾಲಿ. ಓನರ್ರು ಇಟ್ಟಿಗೆಯನ್ನೂ ಉಳಿಸಿದ್ದರು, ಕರೆಂಟನ್ನೂ ಉಳಿಸಿದ್ದರು. ಎರಡು ಮನೆಗೆ ಒಂದೇ ಬಲ್ಬು. ಅದು ಗೋಡೆಯ ನೆತ್ತಿಯ ಮೇಲೆ ನೇತಾಡಿಕೊಂಡು ಎರಡೂ ಕಡೆಗೆ ಬೆಳಕು ಕೊಡುತ್ತಿತ್ತು. ಹೊಗೆ, ಒಗ್ಗರಣೆ, ಕೆಮ್ಮು, ಮಾತು ಎಲ್ಲಕ್ಕೂ ಅದೇ ದಾರಿ.

ಒಂಟಿಯಾಗಿದ್ದಾಗ ನನಗೆ ಅದೇನೂ ತೊಂದರೆ ಅನಿಸಿರಲಿಲ್ಲ. ಹೆಬ್ಬೂರಿನಿಂದ ಹೆಂಡತಿ ಬಂದಳು. ಅವರ ಮನೆ ಹೊಲದ ನಡುವೆ ಇದ್ದದ್ದು, ಆಳನ್ನು ಕೂಗಿ ಕರೆದು ಬೆಳೆದ ಗಂಟಲು ಅವಳದು. ಬಂದ ವಾರದಲ್ಲೇ ಒಂದು ಸಂಜೆ, ಸಾರಿಗೆ ಉಪ್ಪು ಹೆಚ್ಚಾಯಿತಾ ಎಂದು ನನ್ನನ್ನು ಕೇಳಿದಳು. ನಾನು ಬಾಯಲ್ಲಿದ್ದ ಮುದ್ದೆ ನುಂಗುವಷ್ಟರಲ್ಲಿ ಗೋಡೆಯಾಚೆಯಿಂದ ಉತ್ತರ ಬಂತು.

"ಉಪ್ಪಿನ್ ವಿಷ್ಯ ನಂಗ್ ಗೊತ್ತಿಲ್ಲ ಕಣವ್ವ, ಒಗ್ಗರಣೆ ಘಮ ಮಾತ್ರ ಚೆನ್ನಾಗಿತ್ತು."

ಪಕ್ಕದ ಮನೆಯಾಕೆ. ಹೊಲಿಗೆ ಮಿಷನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಗಂಡ ಕುಣಿಗಲ್ಲಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ನಕ್ಕೆ, ಹೆಂಡತಿ ನಗಲಿಲ್ಲ. ಅಂದಿನಿಂದ ಮನೆಯೊಳಗೆ ಅವಳ ಮಾತು ನಿಂತಿತು. ಬೇಕಾದ್ದನ್ನು ಕೈಸನ್ನೆಯಲ್ಲಿ ಕೇಳುವಳು, ತೀರಾ ಅವಸರವಾದರೆ ಕಿವಿಗೆ ಬಂದು ಪಿಸುಗುಟ್ಟುವಳು. ತಿಂಗಳೊಪ್ಪತ್ತು ಕಳೆದ ಮೇಲೆ, ಇಬ್ಬರೂ ಹೊರಗೆ ನೀರಿಗೆ ಹೋದ ಕಡೆ ಒಂದು ಮಾತು ಹೇಳಿದಳು: ಊರಿಗೆ ಹೋಗಿ ಇರ್ತೀನಿ, ಗೋಡೆ ಪೂರ್ತಿ ಇರೋ ಮನೆ ಮಾಡ್ದಾಗ ಕರೀರಿ.

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಊರಿಗೆಲ್ಲ ಗೋಡೆ ಕಟ್ಟುವವನ ಹೆಂಡತಿ ಗೋಡೆಯಿಲ್ಲ ಎಂದು ತವರಿಗೆ ಹೋಗುವುದೇ? ಬೇರೆ ಮನೆ ಹಿಡಿಯುವಷ್ಟು ತ್ರಾಣ ಆಗ ಇರಲಿಲ್ಲ. ಓನರ್ರ ಹತ್ತಿರ ಹೋದೆ. ನಿನ್ನ ಖರ್ಚಲ್ಲಿ ಕಟ್ಟಿಕೊಳ್ಳೋದಾದ್ರೆ ಅರಮನೇನೇ ಕಟ್ಟಿಕೋ ಅಂದರು.

ಮುಂದಿನ ಭಾನುವಾರ ಕೆಲಸ ಶುರು ಮಾಡಿದೆ. ಹೆಂಡತಿ ಸೆರಗು ಸಿಕ್ಕಿಸಿ ತಾನೇ ಇಟ್ಟಿಗೆ ಎತ್ತಿ ಕೊಟ್ಟಳು. ಪಕ್ಕದಾಕೆ ಬೀಳುವ ಗಾರೆ ತಾಗದಿರಲೆಂದು ಬಟ್ಟೆಗಳನ್ನು ಎತ್ತಿಟ್ಟುಕೊಂಡಳು ಅಷ್ಟೆ. ಸಂಜೆಯಾಗುವಾಗ ಸೂರಿಗೆ ಎರಡು ವರಸೆ ಇಟ್ಟಿಗೆ ಬಾಕಿ. ಬಲ್ಬಿನ ತಂತಿ ನಮ್ಮ ಕಡೆಯ ತೊಲೆಯಿಂದ ಇಳಿದಿತ್ತು, ಅದನ್ನು ಈಚೆಗೆ ಎಳೆದುಕೊಂಡು ಮುಚ್ಚಿಬಿಡುವ ಲೆಕ್ಕ ನನ್ನದು. ಪಕ್ಕದಾಕೆ ಓನರ್ರನ್ನು ಕೇಳಿ ಇನ್ನೊಂದು ಬಲ್ಬು ಹಾಕಿಸಿಕೊಳ್ಳಲಿ ಎಂದುಕೊಂಡಿದ್ದೆ. ಹಾಕಿಸುವ ಆಸಾಮಿ ಅವರಲ್ಲ ಎನ್ನುವುದೂ ನನಗೆ ತಿಳಿದಿತ್ತು.

ಆಗ ಹೊರಗೆ ಏನೋ ಎಳೆಯುವ ಸದ್ದಾಯಿತು. ಹೆಂಡತಿ ಬಾಗಿಲಿಗೆ ಹೋಗಿ ನೋಡಿದಳು. ಪಕ್ಕದಾಕೆ ಮಿಷನ್ನನ್ನು ಹೊಸ್ತಿಲ ಬಳಿಗೆ ಎಳೆದು ತಂದು, ಉಳಿದ ಹಗಲಿನ ಬೆಳಕಿಗೆ ಬಗ್ಗಿ ಸೂಜಿಗೆ ದಾರ ಪೋಣಿಸುತ್ತಿದ್ದಳಂತೆ.

ಹೆಂಡತಿ ಒಳಗೆ ಬಂದವಳು ನನ್ನ ಕೈಗೆ ಇಟ್ಟಿಗೆ ಕೊಡಲಿಲ್ಲ.

"ಸಾಕು, ಇಳೀರಿ," ಅಂದಳು. ಪಿಸುಮಾತಲ್ಲ.

"ಅರ್ಧಕ್ಕೆ ಬುಟ್ರೆ ನೋಡ್ದೋರು ಉಗೀತಾರೆ ಕಣೆ."

"ಉಗುದ್ರೆ ನಿಮ್ಗೆ ತಾನೆ, ಒರಸ್ಕಳಿ. ಗೋಡೆ ಕಟ್ತಿರೋದು ನಂಗೋಸ್ಕರ ಅಲ್ವಾ? ನಂಗಿಷ್ಟು ಸಾಕು. ಆ ಬಲ್ಬು ಇದ್ದಲ್ಲೇ ಇರ್ಲಿ."

ವಾದ ಮಾಡಿದೆ. ಅವಳೂ ಬಿಡಲಿಲ್ಲ. ಹೆಬ್ಬೂರಿನ ಗಂಟಲು ಪೂರಾ ಬಿಚ್ಚಿತು. ವಠಾರದ ಕೊನೆಯ ಮನೆಗೂ ಕೇಳಿರಬೇಕು. ಕೊನೆಗೆ ನಾನೇ ಏಣಿ ಇಳಿದು ಕೈ ತೊಳೆದುಕೊಂಡೆ.

ಮಾರನೆಯ ವಾರ ಬಾಡಿಗೆ ವಸೂಲಿಗೆ ಬಂದ ಓನರ್ರು ತಲೆಯೆತ್ತಿ ನೋಡಿ, ಏನಪ್ಪಾ ಗಾರೆಯವನ ಮನೆ ಗೋಡೆಗೇ ಇಟ್ಟಿಗೆ ಸಾಲಲಿಲ್ವಾ ಎಂದು ಕುಟುಕಿದರು. ನನಗಿಂತ ಮೊದಲು ಒಲೆಯ ಮುಂದಿನಿಂದ ಹೆಂಡತಿಯ ದನಿ ಬಂತು:

"ನಾನೇ ಸಾಕು ಅಂದೆ ಸ್ವಾಮಿ."