ಬ್ಯಾಟಿಗೆ ಪೂಜೆಯಾದ ದಿನ

ನನ್ನ ಮೊಮ್ಮಗಳಿಗೆ ಚೆಂಡು ಹೊಡೆಯಲು ಬರುತ್ತಿತ್ತು, ಹಿಡಿಯಲು ಬರುತ್ತಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ಹೇಳುತ್ತಿದ್ದೆ. ಅದಕ್ಕೇ ಅವಳಿಗೆ ನನ್ನ ಮೇಲೆ ಸಿಟ್ಟು.

ಆಗ ಅವಳು ಎಂಟನೇ ಕ್ಲಾಸು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮನೆ ಚಾಮರಾಜಪೇಟೆಯಲ್ಲಿ, ಅವಳ ಶಾಲೆ ಬಸವನಗುಡಿಯಲ್ಲಿ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಹಾಗಾಗಿ ಸಂಜೆ ಆಟ ಮುಗಿದ ಮೇಲೆ ಅವಳನ್ನು ಕರೆತರುವುದು ನನ್ನ ಪಾಲಿಗೆ ಬಂತು. ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಲೇ ನಾನು ಸಾಫ್ಟ್‌ಬಾಲ್ ತಿಳಿದುಕೊಂಡೆ. ಚೆಂಡು ಒಳ್ಳೆ ಮೂಸಂಬಿ ಗಾತ್ರ, ಬಿದ್ದರೆ ಕಲ್ಲು ಬಿದ್ದ ಹಾಗೆ. ಒಬ್ಬಳು ಸೊಂಟದ ಕೆಳಗಿನಿಂದ ಕೈ ಬೀಸಿ ಎಸೆಯುತ್ತಾಳೆ. ಇನ್ನೊಬ್ಬಳು ಒನಕೆಯಂಥ ಬ್ಯಾಟಿನಿಂದ ಹೊಡೆದು ನಾಲ್ಕು ಮೂಲೆ ಸುತ್ತಿ ಬರಬೇಕು. ಹೊಡೆದ ಚೆಂಡು ನೆಲ ಮುಟ್ಟುವ ಮೊದಲೇ ಯಾರಾದರೂ ಹಿಡಿದರೆ ಅವಳ ಕಥೆ ಮುಗಿಯಿತು. ಹಿಡಿಯುವವರ ಒಂದು ಕೈಗೆ ದಪ್ಪ ಚರ್ಮದ ಗ್ಲೌಸು.

ಒಂದು ಕಡೆಗೆ ಆಡುವವರು ಒಂಬತ್ತು ಜನ. ಎಂಟು ಹುಡುಗಿಯರು ಯಾರೆಂದು ಆಗಲೇ ಗೊತ್ತಾಗಿತ್ತು. ಉಳಿದ ಒಂದು ಜಾಗಕ್ಕೆ ಇಬ್ಬರು: ನನ್ನ ಮೊಮ್ಮಗಳು, ಇನ್ನೊಬ್ಬಳು ತ್ಯಾಗರಾಜನಗರದಿಂದ ಬರುತ್ತಿದ್ದ ಕನ್ನಡಕದ ಹುಡುಗಿ. ದಸರಾ ರಜೆ ಮುಗಿದ ಕೂಡಲೇ ಬೇರೆ ಶಾಲೆಗಳ ಜೊತೆ ಪಂದ್ಯ. ನನ್ನವಳಿಗೆ ಆ ಒಂದು ಜಾಗ ಬಿಟ್ಟರೆ ಬೇರೆ ಯೋಚನೆಯೇ ಇರಲಿಲ್ಲ. ಸಾರನ್ನ ಕಲಸುವಾಗಲೂ ಬ್ಯಾಟು ಹಿಡಿದವಳಂತೆ ಮಣಿಕಟ್ಟು ತಿರುಗಿಸುತ್ತಿದ್ದಳು.

ಕನ್ನಡಕದ ಹುಡುಗಿ ಬ್ಯಾಟು ಬೀಸಿದರೆ ನೊಣ ಓಡಿಸಿದ ಹಾಗಿರುತ್ತಿತ್ತು. ಆದರೆ ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದಳು, ಹಾಲಿನವನಿಗೆ ಕಾಯುವವರ ಹಾಗೆ. ನನ್ನವಳು ಹೊಡೆದರೆ ಚೆಂಡು ಕಾಂಪೌಂಡು ದಾಟುತ್ತಿತ್ತು, ಹುಡುಗಿಯರೆಲ್ಲ ಕಿರುಚುತ್ತಿದ್ದರು. ಅವಳ ಕಡೆಗೇ ಚೆಂಡು ಬಂದರೆ ಕಣ್ಣು ಮುಚ್ಚಿ ಗ್ಲೌಸು ಚಾಚುತ್ತಿದ್ದಳು, ಭಿಕ್ಷೆ ಕೇಳಿದ ಹಾಗೆ.

ಆಟ ಕಲಿಸುವ ಮಾಸ್ಟರಿಗೆ ನನ್ನವಳೇ ಬೇಕಾಗಿತ್ತು. ಒಂದು ದಿನ ನನ್ನ ಬೆಂಚಿನ ಹತ್ತಿರ ಬಂದು ತಾವಾಗಿಯೇ ಹೇಳಿದರು. “ಅವಳನ್ನ ಬಲಗಡೆ ದೂರದ ಮೂಲೇಲಿ ನಿಲ್ಸ್ತೀನಮ್ಮ. ಅಲ್ಲಿಗೆ ಚೆಂಡು ಬರೋದೇ ಅಪರೂಪ. ಹಿಡಿಯೋಕ್ ಬರ್ದಿದ್ರೂ ನಡಿಯತ್ತೆ. ನಂಗೆ ಹೊಡೆಯೋರು ಬೇಕು.”

“ಅಪ್ಪಿತಪ್ಪಿ ಬಂದ್ರೆ?”

“ಬಂದ್ರೆ ದೇವ್ರಿದಾನೆ.”

ಹೀಗೆ ದೇವರ ಮೇಲೆ ಭಾರ ಹಾಕುವವರನ್ನು ನಾನು ನಂಬುವವಳಲ್ಲ. ಆದರೆ ಹಾಕಿದ್ದು ನಮ್ಮ ಹುಡುಗಿಯ ಪರವಾಗಿ, ಹಾಗಾಗಿ ಹುರುಳಿಕಾಯಿ ಕಡೆ ನೋಡಿದೆ.

ಆದರೂ ಮಾಸ್ಟರು ನ್ಯಾಯದ ಮನುಷ್ಯ. ಆಯುಧಪೂಜೆಯ ಬೆಳಿಗ್ಗೆ ಎಲ್ಲರೂ ಬನ್ನಿ, ಪೂಜೆ ಮುಗಿಸಿ ಇಬ್ಬರ ಬ್ಯಾಟಿಂಗು, ಫೀಲ್ಡಿಂಗು ಎರಡನ್ನೂ ಕೊನೆಯ ಸಲ ನೋಡಿ ಹೆಸರು ಹೇಳುತ್ತೇನೆ ಎಂದರು. ಪೂಜೆಯ ಸಾಮಾನು ತರುವ ಕೆಲಸ ನನಗೆ ಬಿತ್ತು. ಗಾಂಧಿ ಬಜಾರಿನ ನೂಕುನುಗ್ಗಲಲ್ಲಿ ಚೆಂಡುಹೂವು, ಬೂದುಗುಂಬಳ, ಕಡ್ಲೆಪುರಿ ತೆಗೆದುಕೊಂಡು ಹೋದೆ. ಹುಡುಗಿಯರು ಬ್ಯಾಟುಗಳನ್ನು ತೊಳೆದು ಗೋಡೆಗೆ ಒರಗಿಸಿ, ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿದರು. ಗ್ಲೌಸುಗಳೆಲ್ಲ ಮೂಲೆಯಲ್ಲಿ ಗೋಣಿಚೀಲದೊಳಗೇ ಬಿದ್ದಿದ್ದವು.

“ಸಾರ್, ಗ್ಲೌಸು?” ಎಂದಳು ಕನ್ನಡಕದ ಹುಡುಗಿ.

“ಅದೇನು ಆಯುಧಾನಾ? ಇರ್ಲಿ ಬಿಡು.”

“ಇವ್ಳನ್ನ ಬಿಟ್ರೆ ಸಾಕ್ಸಿಗೂ ಕುಂಕುಮ ಇಡ್ತಾಳೆ ಕಣ್ರೇ!” ಎಂದು ನನ್ನವಳೇ ರೇಗಿಸಿದಳು. ಎಲ್ಲರೂ ನಕ್ಕರು. ಕನ್ನಡಕದ ಹುಡುಗಿಯೂ ನಕ್ಕಳು.

ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆದದ್ದಾಯಿತು, ಕಡ್ಲೆಪುರಿ ಹಂಚಿದ್ದಾಯಿತು. ಮಾಸ್ಟರು ಕೈ ತಟ್ಟಿ, “ಸರಿ, ಬ್ಯಾಟ್ ತಗೊಳ್ರಮ್ಮ” ಎಂದರು. ನನ್ನ ಮೊಮ್ಮಗಳು ಎಲ್ಲರಿಗಿಂತ ಮೊದಲು ಕೈ ಚಾಚಿದಳು.

“ಮುಟ್ಬೇಡ,” ಎಂದೆ ನಾನು.

“ಅಜ್ಜೀ, ನಿನ್ ದಮ್ಮಯ್ಯ, ಸುಮ್ನಿರು.”

“ಪೂಜೆಗಿಟ್ಟಿದ್ದನ್ನ ಅವತ್ತೇ ಎತ್ತಂಗಿಲ್ಲ. ನಾಳೆ ಕದಲಿಸಿ, ಆಮೇಲೆ ಎಷ್ಟ್ ಬೇಕಾದ್ರೂ ಬಡೀರಿ.”

ನಮ್ಮ ಯಜಮಾನರು ಬಿನ್ನಿಪೇಟೆಯ ಬಟ್ಟೆ ಮಿಲ್ಲಿನಲ್ಲಿ ಮಗ್ಗದ ಕೆಲಸಕ್ಕಿದ್ದವರು. ವರ್ಷವೆಲ್ಲ ಕಿವಿ ಕಿವುಡಾಗುವಂತೆ ಬಡಿದುಕೊಳ್ಳುವ ಯಂತ್ರಗಳು ಆಯುಧಪೂಜೆಯ ಒಂದು ದಿನ ಹೂವು ಮುಡಿದು ಸುಮ್ಮನೆ ಕೂರುತ್ತಿದ್ದವು. ನಮ್ಮ ಮನೆಯಲ್ಲಿ ಈಳಿಗೆಮಣೆಗೂ ಅವತ್ತು ರಜ, ಹಿಂದಿನ ದಿನವೇ ತರಕಾರಿ ಹೆಚ್ಚಿಡುತ್ತಿದ್ದೆ. ಒಂಬತ್ತನೆಯ ಜಾಗಕ್ಕಾಗಿ ನಾನು ಆ ಪದ್ಧತಿ ಮುರಿಯುವವಳಲ್ಲ.

“ಒಂದ್ ಗಂಟೆ ಅಷ್ಟೇ ಅಮ್ಮ,” ಎಂದರು ಮಾಸ್ಟರು.

“ನೀವು ಇವತ್ತು ಸ್ಕೂಟರಲ್ಲಿ ಬಂದ್ರಾ?”

“ಇಲ್ಲ. ಬೆಳಿಗ್ಗೆ ಪೂಜೆ ಮಾಡಿ ನಿಲ್ಸಿದೀನಿ. ನಡ್ಕೊಂಡ್ ಬಂದೆ.”

“ಮತ್ತೆ?”

ಮಾಸ್ಟರು ತಲೆ ಕೆರೆದುಕೊಂಡರು. ಎಲ್ಲರನ್ನೂ ಮನೆಗೆ ಕಳಿಸಿಬಿಡಬಹುದಿತ್ತು. ಹಾಗೆ ಮಾಡದೆ ಗೋಣಿಚೀಲವನ್ನು ತಲೆಕೆಳಗು ಮಾಡಿ ಗ್ಲೌಸು ಸುರಿದರು. “ಹಾಗಾದ್ರೆ ಇವತ್ತು ಬರೀ ಹಿಡಿಯೋದು.”

ಬ್ಯಾಟಿಲ್ಲದ ಮೈದಾನದಲ್ಲಿ ಚೆಂಡು ಬಿಟ್ಟರೆ ನೋಡಲು ಬೇರೇನೂ ಇರಲಿಲ್ಲ. ಇಬ್ಬರನ್ನೂ ದೂರ ನಿಲ್ಲಿಸಿ ಮಾಸ್ಟರು ಕೈಯಲ್ಲೇ ಎತ್ತರಕ್ಕೆ ಎಸೆದರು, ನೆಲದ ಮೇಲೆ ಉರುಳಿಸಿದರು, ಎಡಕ್ಕೆ ಬಲಕ್ಕೆ ಓಡಿಸಿದರು. ಕನ್ನಡಕದ ಹುಡುಗಿಯ ಗ್ಲೌಸಿನಿಂದ ಠಪ್ ಎನ್ನುವ ಶಬ್ದ ಬರುತ್ತಲೇ ಇತ್ತು. ನನ್ನವಳ ಹಿಂದೆ ಚೆಂಡು ತರಲು ಓಡಿ ಓಡಿ ಉಳಿದ ಹುಡುಗಿಯರಿಗೆ ಸುಸ್ತಾಯಿತು. ಮಾಸ್ಟರ ಮುಖ ಸಣ್ಣದಾಗುತ್ತಾ ಹೋಯಿತು. ಅಷ್ಟು ದಿನ ಅವಳ ಹೊಡೆತದ ಸದ್ದಿನಲ್ಲಿ ಅವರಿಗೆ ಇದು ಇಷ್ಟು ಸರಿಯಾಗಿ ಕಂಡಿರಲಿಲ್ಲ.

ಕೊನೆಗೆ ಕನ್ನಡಕದ ಹುಡುಗಿಯ ಹೆಸರು ಹೇಳಿದರು. ಆಮೇಲೆ ನನ್ನವಳನ್ನು ಎದುರಿಗೆ ನಿಲ್ಲಿಸಿಕೊಂಡು ಎಲ್ಲರಿಗೂ ಕೇಳುವ ಹಾಗೆಯೇ ಅಂದರು: “ನಿನ್ ಥರ ಹೊಡೆಯೋರು ನಮ್ಮಲ್ಲಿ ಯಾರೂ ಇಲ್ಲ. ಆದ್ರೆ ನೀನು ಒಂದ್ ರನ್ ತಂದು ಎರಡು ಬಿಟ್ಕೊಡ್ತೀಯ. ಈ ಸಲ ಬೆಂಚಲ್ಲಿ ಕೂತ್ಕೊ. ಹಿಡಿಯೋದು ಕಲಿ, ಮುಂದಿನ ವರ್ಷ ನಾನೇ ಕರೀತೀನಿ.”

ದಾರಿಯುದ್ದಕ್ಕೂ ಅತ್ತಳು. “ನೀನು ನಂಗೆ ಅಜ್ಜೀನಾ, ಅವ್ಳಿಗಾ?”

“ನಡಿ, ಹಸಿವಾಗ್ತಿದೆ.”

ನಾನು ಸಮಾಧಾನ ಮಾಡಲಿಲ್ಲ. ಮಾಡಿದ ಕೆಲಸಕ್ಕೆ ಇವತ್ತಿಗೂ ನನಗೆ ಬೇಜಾರಿಲ್ಲ. ಹದಿಮೂರು ವರ್ಷದ ಹುಡುಗಿಗೆ ಒಬ್ಬ ದೊಡ್ಡ ಮನುಷ್ಯ ಮುಖ ನೋಡಿ ನಿಜ ಹೇಳಿದ್ದ. ಅದರ ಮೇಲೆ ಸಕ್ಕರೆ ಉದುರಿಸುವುದು ನನಗೆ ಬೇಕಿರಲಿಲ್ಲ.

ಪಂದ್ಯದ ದಿನ ಅವಳು ಬೆಂಚಿನ ತುದಿಯಲ್ಲಿ ಕೂತಳು, ನಾನು ಹಗ್ಗದ ಈಚೆ ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ಕನ್ನಡಕದ ಹುಡುಗಿ ಬ್ಯಾಟು ಹಿಡಿದಾಗಲೆಲ್ಲ ನೊಣ ಓಡಿಸಿ ವಾಪಸು ಬಂದಳು. ನನ್ನವಳು ಪ್ರತಿ ಸಲವೂ ನನ್ನ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಹುಬ್ಬೇರಿಸಿದಳು. ಆಮೇಲೆ ಆ ಅಪರೂಪದ ಚೆಂಡು ಬಂತು. ಬಿಸಿಲಿನೊಳಗಿಂದ ನೇರ ಬಲಗಡೆಯ ಮೂಲೆಗೆ ಬಂತು. ಹುಡುಗಿ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಕನ್ನಡಕ ಮೂಗಿನ ತುದಿಗೆ ಜಾರಿದ್ದರೂ ಹಿಡಿದಳು. ಅಂಥ ದೊಡ್ಡ ಚಪ್ಪಾಳೆಯೇನೂ ಬೀಳಲಿಲ್ಲ.

ಮೊಮ್ಮಗಳು ತಿರುಗಲಿಲ್ಲ. ಮೈದಾನ ನೋಡುತ್ತಲೇ ಕೇಳಿದಳು. “ನಾನಾಗಿದ್ರೆ ಬಿಡ್ತಿದ್ದೆ, ಅಲ್ವಾ ಅಜ್ಜಿ?”

“ಬಿಡ್ತಿದ್ದೆ.”

“ಒಂಚೂರು ಯೋಚ್ನೆ ಮಾಡಿ ಹೇಳ್ಬಾರ್ದಾ!” ಎಂದು ನಕ್ಕುಬಿಟ್ಟಳು.

ಆ ಪಂದ್ಯ ಗೆದ್ದರು, ಮುಂದಿನದ್ದು ಸೋತರು. ಅದಾದ ಮೇಲೆ ಕನ್ನಡಕದ ಹುಡುಗಿ ಶನಿವಾರಗಳಂದು ನಮ್ಮ ಮನೆಗೆ ಬರತೊಡಗಿದಳು. ನನ್ನವಳೇ ಕರೆದದ್ದು. ತಾರಸಿಯ ಮೇಲೆ ಅವಳು ಎಸೆಯುತ್ತಿದ್ದಳು, ಇವಳು ಕಣ್ಣು ಬಿಟ್ಟುಕೊಂಡು ಹಿಡಿಯುವುದನ್ನು ಕಲಿಯುತ್ತಿದ್ದಳು. ಪಕ್ಕದ ಮನೆಯ ಹಪ್ಪಳದ ಮೇಲೆ ಚೆಂಡು ಬಿದ್ದು ನಾನು ಬೈಸಿಕೊಂಡದ್ದೂ ಉಂಟು. ಜಾಗ ತನಗೆ ಸಿಕ್ಕಿದ ಮೇಲೆ ಎದುರಾಳಿಗೆ ಕೈ ಹಿಡಿದು ಕಲಿಸುವವರನ್ನು ನಾನು ಹೆಚ್ಚು ಕಂಡಿಲ್ಲ. ಆ ಹುಡುಗಿಗೆ ನಾನು ಬಿಸಿ ಅಕ್ಕಿರೊಟ್ಟಿ ಕೊಡುತ್ತಿದ್ದೆ, ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ಈಗ ಹೇಳುತ್ತಿದ್ದೇನೆ: ಅವಳು ದೊಡ್ಡ ಮನಸ್ಸಿನವಳು. ಮಾಸ್ಟರೂ ಅಷ್ಟೇ.

ಮರುವರ್ಷ ಮಾಸ್ಟರು ಮಾತು ಉಳಿಸಿಕೊಂಡರು. ಹತ್ತನೆಯ ಕ್ಲಾಸಿನವರು ಹೋಗಿ ಜಾಗಗಳು ಖಾಲಿಯಾಗಿದ್ದವು. ಬಲಗಡೆಯ ಮೂಲೆ ಕನ್ನಡಕದವಳದೇ, ನನ್ನವಳಿಗೆ ಎಡಗಡೆಯದು. ಆಯುಧಪೂಜೆಗೆ ಮತ್ತೆ ನಾನೇ ಹೂವು ಕುಂಬಳಕಾಯಿ ಹೊತ್ತುಕೊಂಡು ಹೋದೆ. ಈ ಸಲ ನನ್ನ ಮೊಮ್ಮಗಳು ಗೋಣಿಚೀಲದಿಂದ ಗ್ಲೌಸುಗಳನ್ನೆಲ್ಲ ತೆಗೆದು, ಬ್ಯಾಟುಗಳ ಪಕ್ಕ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಕುಂಕುಮ ಇಟ್ಟಳು. ಆಗ ಮುಟ್ಟಿ ಆಡಲು ಏನೂ ಉಳಿಯಲಿಲ್ಲ. ಮಾಸ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಎಲ್ಲರೂ ಕಡ್ಲೆಪುರಿ ತಿಂದು ಮನೆಗೆ ಹೋದೆವು.