ಮುಚ್ಚಳ ತೆಗೆದ ಜಾಡಿ

ದಾವಣಗೆರೆಯ ಹಂಸಿನಿ ದೆಹಲಿಯ ಒಂದು ದಂತ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ. ಘಾಜಿಯಾಬಾದಿನಿಂದ ಮೆಟ್ರೋದಲ್ಲಿ ನಿಂತುಕೊಂಡೇ ಬಂದು, ಊರವರ ಹಲ್ಲಿನ ಪಾಚಿ ಕೆರೆದು, ಅದರಲ್ಲಿ ವಸಡು ತಿನ್ನುವ ಬ್ಯಾಕ್ಟೀರಿಯಾ ಹುಡುಕುವುದು ಅವಳ ಕೆಲಸ. ಹೆಣ್ಣು ನೋಡಲು ಬಂದವರಿಗೆ ತಾಯಿ "ಡಾಕ್ಟರು" ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ. ಹಂಸಿನಿ ಬದಲಿಸುವುದಿಲ್ಲ. ಉಪ್ಪಿಟ್ಟು ತಿನ್ನುತ್ತಿರುವವರಿಗೆ ಅವರ ಹಲ್ಲಿನ ಸಂದಿಯಲ್ಲಿ ಏನೇನು ವಾಸವಾಗಿದೆ ಎಂದು ಬಿಡಿಸಿ ಹೇಳುತ್ತಾಳೆ. ಆದ್ದರಿಂದ ಇನ್ನೂ ಮದುವೆಯಾಗಿಲ್ಲ.

ಈ ಬ್ಯಾಕ್ಟೀರಿಯಾಗಳಿಗೆ ಗಾಳಿ ಆಗದು. ವಸಡಿನ ಆಳದಲ್ಲಿ ಹಾಯಾಗಿರುತ್ತವೆ, ಹೊರಗೆ ಬಿಟ್ಟರೆ ಸಾಯುತ್ತವೆ. ಹಾಗಾಗಿ ಕೆರೆದ ಪಾಚಿಯನ್ನು ರಕ್ತ ಬೆರೆಸಿದ ತಟ್ಟೆಗೆ ಹಚ್ಚಿ, ಗಾಜಿನಂಥ ಜಾಡಿಯಲ್ಲಿಟ್ಟು, ಆಮ್ಲಜನಕ ಹೀರುವ ಪೊಟ್ಟಣ ಹಾಕಿ ಮುಚ್ಚಳ ಬಿಗಿಯಬೇಕು. ವಾರ ಕಳೆದು ಕಪ್ಪು ಚುಕ್ಕೆ ಮೂಡಿದರೆ ಕಳ್ಳ ಸಿಕ್ಕಿದ ಹಾಗೆ. ಅವನು ಯಾವ ಔಷಧಿಗೆ ಸಾಯುತ್ತಾನೆ ಎಂದು ಆಮೇಲೆ ನೋಡಬಹುದು. ಜಾಡಿಯ ಮೇಲೆ "ತೆರೆಯಬೇಡಿ" ಎಂಬ ಚೀಟಿ ಅಂಟಿಸಿದವರು ವಿಭಾಗದ ಮುಖ್ಯಸ್ಥ ಡಾ. ವೆಂಕಟಸುಬ್ಬಯ್ಯ. ಕೆಳಗೆ ಅವರ ಸಹಿ, ಸಹಿಯ ಕೆಳಗೆ ಪದವಿಗಳು. ಪದವಿಗಳ ಅಕ್ಷರ "ತೆರೆಯಬೇಡಿ"ಗಿಂತ ದೊಡ್ಡದು.

ಈ ಸಲ ಜಾಡಿಯಲ್ಲಿದ್ದದ್ದು ಬಸವಲಿಂಗಪ್ಪನವರ ಪಾಚಿ. ಆರ್.ಕೆ.ಪುರಂನಲ್ಲಿ ಮಗಳ ಕ್ವಾರ್ಟರ್ಸಿನಲ್ಲಿರುವ ನಿವೃತ್ತ ಸೆಕ್ಷನ್ ಆಫೀಸರ್. ಕೆಳಸಾಲಿನ ಹಲ್ಲುಗಳೆಲ್ಲ ಅಲುಗುತ್ತಿದ್ದವು. ಯಾವ ಮಾತ್ರೆಯೂ ಪೂರ್ತಿ ನಾಟಿರಲಿಲ್ಲ, ದಂತವೈದ್ಯರು ಕೀಳಿಸಿ ಎಂದಿದ್ದರು. ಸರಿಯಾದ ಔಷಧಿ ಸಿಕ್ಕರೆ ಉಳಿದಾವು ಎಂಬ ಆಸೆಯಿಂದ, ಪರೀಕ್ಷೆಗಾಗಿ ವಾರಗಟ್ಟಲೆ ಮಾತ್ರೆ ಬಿಟ್ಟು, ಕೆನ್ನೆ ಊದಿಸಿಕೊಂಡು ಕಾದಿದ್ದರು. ಮಾದರಿ ಕೊಟ್ಟ ದಿನವೇ ನೋವು ತಡೆಯದೆ ಮತ್ತೆ ಮಾತ್ರೆ ಶುರುಮಾಡಿದ್ದರು.

ಆಗಲೇ ದೊಡ್ಡ ಸಾಹೇಬರೊಬ್ಬರು ಪ್ರಯೋಗಾಲಯ ನೋಡಲು ಬಂದರು. ಏನನ್ನಾದರೂ ಉದ್ಘಾಟಿಸದೆ ಹೋದರೆ ಬಂದದ್ದಕ್ಕೇ ಸಾಕ್ಷಿಯಿಲ್ಲ ಎಂದು ನಂಬಿದ ಊರಿದು. ಇಲ್ಲಿ ಕತ್ತರಿಸಲು ರಿಬ್ಬನ್ ಇರಲಿಲ್ಲ, ಜಾಡಿ ಇತ್ತು. ಹಂಸಿನಿಯನ್ನು ಹೂಗುಚ್ಛ ತರಲು ಗೇಟಿಗೆ ಕಳಿಸಿ, ವೆಂಕಟಸುಬ್ಬಯ್ಯನವರು ತಮ್ಮ ಸಹಿಯ ಮೇಲೆಯೇ ಕೈಯಿಟ್ಟು ಮುಚ್ಚಳ ತಿರುವಿದರು. ಸಾಹೇಬರು ಒಳಗೆ ಇಣುಕಿ "ಅಚ್ಛಾ" ಎಂದರು. ಫೋಟೋ ಆಯಿತು. ಎಲ್ಲರೂ ಸಮೋಸಾ ಕಡೆ ನಡೆದರು. ಸಂಜೆ ಹಂಸಿನಿ ಬಂದು ನೋಡಿದಾಗಲೂ ಮುಚ್ಚಳ ಮೇಜಿನ ಮೇಲೇ ಇತ್ತು.

ಹೊಸ ಪೊಟ್ಟಣ ಹಾಕಿ ಮತ್ತೆ ಬಿಗಿದಳು. ವಾರ ಕಳೆಯಿತು, ತಟ್ಟೆಯಲ್ಲಿ ಏನೂ ಮೂಡಲಿಲ್ಲ. ಎತ್ತಿಟ್ಟಿದ್ದ ಇನ್ನೊಂದು ಚೂರು ಪಾಚಿಯನ್ನು ಪಿಸಿಆರ್ ಯಂತ್ರಕ್ಕೆ ಹಾಕಿದ್ದಳು. ಅದು ಬ್ಯಾಕ್ಟೀರಿಯಾದ ಡಿಎನ್‌ಎ ಗುರುತಿಸಿ, ಇದೆ ಎಂದಿತು.

"ಪಿಸಿಆರ್‌ನಲ್ಲಿ ಬಂದಿದೆಯಲ್ಲಮ್ಮಾ, ಸಾಕು. ತಟ್ಟೆಯದಕ್ಕೆ 'ಬೆಳವಣಿಗೆ ಇಲ್ಲ' ಅಂತ ಬರೆದು ಮುಗಿಸು," ಎಂದರು ಮುಖ್ಯಸ್ಥರು.

"ಸತ್ತವರ ಹೆಸರೂ ವೋಟರ್ ಲಿಸ್ಟಲ್ಲಿ ಇರುತ್ತೆ ಸರ್. ಸತ್ತಿದ್ದಕ್ಕೆ ಯಾವ ಔಷಧಿ ಹಾಕಿ ನೋಡ್ಲಿ? ಹಾಗೆ ಬರೆದುಕೊಟ್ರೆ ಬಸವಲಿಂಗಪ್ಪನವರ ಹಲ್ಲು ಕೀಳ್ತಾರೆ."

ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟು ಹೆಣ್ಣುಮಕ್ಕಳಿಗೆ ಒಳ್ಳೆಯದಲ್ಲ ಎಂದು ಅವರು ಬುದ್ಧಿ ಹೇಳಿದರು. ಹಂಸಿನಿ ಎದ್ದು ಹೋದಳು.

ವಿಭಾಗದ ವಾಟ್ಸ್‌ಆ್ಯಪ್ ಗುಂಪಿಗೆ ಆ ಫೋಟೋವನ್ನು ಅವರೇ ಹಾಕಿದ್ದರು. ಒಂದು ಕೈಯಲ್ಲಿ ಮುಚ್ಚಳ, ಮುಖದಲ್ಲಿ ನಗು, ಕೆಳಗೆ ಸಾಲುಸಾಲು ಚಪ್ಪಾಳೆ. ಚಪ್ಪಾಳೆಗಳ ಕೆಳಗೆ ಹಂಸಿನಿ ಬರೆದಳು: "ಈ ಮುಚ್ಚಳ ತೆಗೆದದ್ದರಿಂದ ರೋಗಿಯ ಮಾದರಿ ಹಾಳಾಗಿದೆ. ಮತ್ತೆ ಕರೆಸುತ್ತಿದ್ದೇನೆ. ವರದಿಯಲ್ಲೂ ಹೀಗೇ ಇರುತ್ತದೆ." ಆಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹಂಸಿನಿ ನಡೆದದ್ದನ್ನೆಲ್ಲ ಹೇಳಿ ಫೋಟೋವನ್ನೂ ತೋರಿಸಿದಳು. ಬಸವಲಿಂಗಪ್ಪನವರು ಮತ್ತೆ ಮಾತ್ರೆ ಬಿಟ್ಟರು, ಮತ್ತೆ ಕೆನ್ನೆ ಊದಿತು. ಕಾಯುತ್ತಿರುವಾಗಲೇ ಒಂದು ಹಲ್ಲು ಚಪಾತಿಯ ಜೊತೆ ಕಳಚಿಕೊಂಡಿತು. ಅದನ್ನು ಕಾಗದದಲ್ಲಿ ಸುತ್ತಿ ತಂದು, ನೇರ ಮುಖ್ಯಸ್ಥರ ಕೋಣೆಗೆ ನುಗ್ಗಿ ಮೇಜಿನ ಮೇಲಿಟ್ಟರು.

"ಏನ್ರೀ ಇದು?"

"ನಿಮ್ಮ ಫೋಟೋದ ಕಾಪಿ ಸಾರ್. ಫ್ರೇಮ್ ಹಾಕಿಸ್ಕೊಳ್ಳಿ."

ಇನ್ನೂ ಬೈಯಲು ಬೇಕಾದಷ್ಟಿತ್ತು. ಆದರೆ ಹಂಸಿನಿ ಕರೆದೊಯ್ದು ಕೂರಿಸಿ ಬಾಯಿ ತೆರೆಸಿದಳು. ಮೂವತ್ತು ವರ್ಷ ಸರ್ಕಾರಿ ಟಿಪ್ಪಣಿ ಬರೆದವರು ಉಳಿದ ಬೈಗುಳವನ್ನೆಲ್ಲ ಹುಬ್ಬಿನಲ್ಲೇ ಮುಗಿಸಬೇಕಾಯಿತು.

ಈ ಸಲ ಜಾಡಿಯನ್ನು ಅವಳು ಕಪಾಟಿಗೆ ಸೇರಿಸಿ ಬೀಗ ಹಾಕಿದಳು. ವಾರದ ಮೇಲೆ ಕಪ್ಪು ಚುಕ್ಕೆಗಳು ದಟ್ಟವಾಗಿ ಎದ್ದವು. ಅವನ್ನು ಬೇರೆ ತಟ್ಟೆಗೆ ಹಚ್ಚಿ, ಔಷಧಿಯ ಬಿಲ್ಲೆಗಳನ್ನಿಟ್ಟು ಮತ್ತೆ ಜಾಡಿಯಲ್ಲಿ ಮುಚ್ಚಿದಳು. ಬಸವಲಿಂಗಪ್ಪನವರು ವರ್ಷಗಟ್ಟಲೆ ನುಂಗಿದ್ದ ಮಾತ್ರೆಯ ಸುತ್ತ ಅವು ಆರಾಮಾಗಿ ಬೆಳೆದವು. ಇನ್ನೊಂದರ ಸುತ್ತ ಒಂದೂ ಇಲ್ಲ. ಉಳಿದ ಹಲ್ಲುಗಳಿಗೆ ದಾರಿ ಸಿಕ್ಕಿತು. ಹೋದ ಹಲ್ಲು ಹೋಯಿತು.

ಸುದ್ದಿ ತಿಳಿದು ವೆಂಕಟಸುಬ್ಬಯ್ಯನವರು ಮೊಬೈಲ್ ಹಿಡಿದು ಬಂದರು. ಸಾಧನೆ ವಿಭಾಗದ್ದು, ಒಂದು ಫೋಟೋ ಇರಲಿ ಎಂದರು. ಮೇಜಿನ ಮೇಲಿದ್ದ ಜಾಡಿಯಲ್ಲಿ ಆಗಲೇ ಬೇರೊಬ್ಬ ರೋಗಿಯ ಮಾದರಿ ಇತ್ತು. ಅವರ ಕೈ ಅಭ್ಯಾಸಬಲದಿಂದ ಅದರ ಮುಚ್ಚಳದತ್ತ ಹೊರಟಿತ್ತು.

ಹಂಸಿನಿ ಜಾಡಿಯನ್ನು ಎದೆಗವಚಿಕೊಂಡಳು.

"ಹೊರಗಿನಿಂದಲೇ ಫೋಟೋ ತೆಗೀರಿ ಸರ್. ಚೀಟಿಯಲ್ಲಿ ನಿಮ್ಮ ಹೆಸರು ಚೆನ್ನಾಗಿ ಬೀಳುತ್ತೆ."